ನಿಂತ ಬಸ್ಸು, ನೆಲೆನಿಂತ ಅಂಗಡಿ: ಎರಡು ‘ಸ್ಟೇಷನರಿ’ಗಳ ಪಾಠ

ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ‘ಸ್ಟೇಷನರಿ’ಯೇ, ಉಚ್ಚಾರದಲ್ಲೂ ಭೇದವಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಒಂದರ ಕೊನೆಗೆ ‘ಎ-ಆರ್-ವೈ’, ಇನ್ನೊಂದರ ಕೊನೆಗೆ ‘ಇ-ಆರ್-ವೈ’. ಮೊದಲನೆಯದು ಗುಣವಾಚಕ: ಚಲಿಸದೆ ನಿಂತಿರುವ. ಎರಡನೆಯದು ನಾಮಪದ: ಕಾಗದ, ಪೆನ್ನು, ಲಕೋಟೆ ಮೊದಲಾದ ಬರವಣಿಗೆಯ ಸಾಮಗ್ರಿ.

ಅಭ್ಯಾಸ ಬೋಧನೆಯಲ್ಲಿ ಈ ಜೋಡಿ ಬಂದಾಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಹೇಳಿಕೊಡುವ ಉಪಾಯ, ‘ಎನ್ವಲಪ್ ಪದದ ಇ ನೆನಪಿಡಿ’ ಎಂಬುದು. ಪರೀಕ್ಷೆಗೆ ಅದು ಸಾಕು. ಆದರೆ ಇಂಗ್ಲಿಷ್ ಕಾಗುಣಿತಕ್ಕೆ ಕಾರಣವೇ ಇಲ್ಲ, ಎಲ್ಲವೂ ಬಾಯಿಪಾಠ ಎಂಬ ಮಕ್ಕಳ ಭಾವನೆಯನ್ನು ಅದು ಇನ್ನಷ್ಟು ಗಟ್ಟಿಮಾಡುತ್ತದೆ. ಇಲ್ಲಿಯಾದರೋ ಕಾರಣವಿದೆ.

ಎರಡೂ ಪದಗಳ ಬೇರು ಲ್ಯಾಟಿನ್ನಿನ ‘ಸ್ಟಾರೆ’, ಅಂದರೆ ನಿಲ್ಲು. ಮಧ್ಯಯುಗದ ಯೂರೋಪಿನಲ್ಲಿ ಊರೂರು ಸುತ್ತಿ ಸರಕು ಮಾರುವವರು ಬಹಳ. ಬೊಲೋನ್ಯಾ, ಪ್ಯಾರಿಸ್‌ನಂಥ ವಿಶ್ವವಿದ್ಯಾಲಯಗಳ ಪುಸ್ತಕ ವ್ಯಾಪಾರಿಗಳದು ಒಂದೇ ಕಡೆ ನೆಲೆನಿಂತ ಅಂಗಡಿ. ಗ್ರಂಥದ ಬಿಡಿ ಭಾಗಗಳನ್ನು ಬಾಡಿಗೆಗೆ ಕೊಟ್ಟು ನಕಲು ಮಾಡಿಕೊಳ್ಳಲು ಬಿಡುತ್ತಿದ್ದವರೂ ಇವರೇ. (ನಮ್ಮ ಝೆರಾಕ್ಸ್ ಅಂಗಡಿಯ ಪೂರ್ವಜರು ಎನ್ನಬಹುದು.) ನೆಲೆನಿಂತವನೆಂದೇ ಇಂಥವನಿಗೆ ಇಂಗ್ಲಿಷಿನಲ್ಲಿ ‘ಸ್ಟೇಷನರ್’ ಎಂಬ ಹೆಸರು ಬಂತು. ಲಂಡನ್ನಿನಲ್ಲಿ 1403ರಲ್ಲಿ ಹುಟ್ಟಿದ ಇವರ ಸಂಘಕ್ಕೆ 1557ರಲ್ಲಿ ರಾಜಸನ್ನದು ದೊರೆಯಿತು. 1623ರ ಷೇಕ್ಸ್‌ಪಿಯರ್ ನಾಟಕ ಸಂಪುಟ ನೋಂದಣಿಯಾದದ್ದು ಇವರ ದಫ್ತರದಲ್ಲಿಯೇ. ಮುಂದೆ ಮಾರುವವನ ಹೆಸರಿನಿಂದ ಸರಕಿಗೆ ಹೆಸರಾಯಿತು. ಬೇಕರ್–ಬೇಕರಿ, ಗ್ರೋಸರ್–ಗ್ರೋಸರಿ ಇದ್ದಂತೆಯೇ ಸ್ಟೇಷನರ್–ಸ್ಟೇಷನರಿ. ಆ ‘ಇ’ ಲಕೋಟೆಯದಲ್ಲ, ಅಂಗಡಿಯವನದು.

ಎಂಟನೇ ತರಗತಿಗೆ ಲ್ಯಾಟಿನ್ ಬೇಡ. ಕಪ್ಪುಹಲಗೆಯ ಮೇಲೆ ಬೇಕರಿಯ ಸಾಲು ಬರೆದು, ಮೂರನೆಯ ಜೋಡಿಯನ್ನು ಮಕ್ಕಳೇ ಪೂರ್ತಿಮಾಡಲಿ.

‘ನಿಂತ’ ಎಂಬ ಅರ್ಥಕ್ಕೆ ಕನ್ನಡದ ಆಸರೆಯೇ ಇದೆ. ಲ್ಯಾಟಿನ್ನಿನ ‘ಸ್ಟಾರೆ’, ಸಂಸ್ಕೃತದ ‘ಸ್ಥಾ’ ಒಂದೇ ಮೂಲದವು. ಸ್ಥಿರ, ಸ್ಥಾನ, ಸ್ಥಾವರ ಎಲ್ಲವೂ ಆ ಬಳಗದವೇ. ‘ಸ್ಥಾನ’ ಪ್ರಾಕೃತದ ಮೂಲಕ ಸವೆದು ಬಂದದ್ದು ನಮ್ಮ ‘ಠಾಣೆ’. ಪೊಲೀಸ್ ಸ್ಟೇಷನ್ ಎಂದರೂ ಪೊಲೀಸ್ ಠಾಣೆ ಎಂದರೂ ಬೇರು ಒಂದೇ ಎಂದಾಗ ತರಗತಿ ಕಿವಿ ನಿಮಿರಿಸುತ್ತದೆ.

ಮನೆಗೆಲಸಕ್ಕೆ ಬರೆಯಿಸುವುದು ಬೇಡ. ಪೇಟೆಯ ಅಂಗಡಿಗಳ ಇಂಗ್ಲಿಷ್ ಬೋರ್ಡುಗಳನ್ನು ಓದಿ ಬರಲಿ. ‘ಎ’ ಇರುವ ಬೋರ್ಡು ಸಿಕ್ಕರೆ, ಅದರ ಪ್ರಕಾರ ಅಲ್ಲಿ ಏನು ಸಿಗುತ್ತದೆಂದು ಮರುದಿನ ತರಗತಿಯಲ್ಲಿ ಹೇಳಲಿ.