ಹೊಕ್ಕುಳಬಳ್ಳಿಯ ರಕ್ತಕ್ಕೆ ಹಣ ಕಟ್ಟಬೇಕೇ?

ಹುಣಸೂರಿನಿಂದ ಬರೆದ ದಂಪತಿಗೆ: ಮನೆತನದಲ್ಲಿ ಯಾರಿಗೂ ರಕ್ತದ ಕಾಯಿಲೆ ಇಲ್ಲವೆಂದರೆ, ಬಳ್ಳಿಯ ರಕ್ತವನ್ನು ಕೂಡಿಡುವ ಖಾಸಗಿ ಬ್ಯಾಂಕಿಗೆ ಹಣ ಕಟ್ಟಬೇಡಿ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಹೊಸ ರಕ್ತಕಣ ಹುಟ್ಟಿಸುವ ಸ್ಟೆಮ್ ಸೆಲ್‌ಗಳಿರುವುದು ನಿಜ. 1988ರಲ್ಲಿ ಪ್ಯಾರಿಸ್‌ನಲ್ಲಿ ಫ್ಯಾಂಕೋನಿ ಅನೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇದ್ದ ಬಾಲಕನಿಗೆ ಅದನ್ನು ಮೊದಲ ಬಾರಿ ಕಸಿ ಮಾಡಿದರು. ಆದರೆ ಆ ರಕ್ತ ಅವನದಲ್ಲ, ತಂಗಿಯದು. ಜಾಹೀರಾತುಗಳು ಜಾರಿಕೊಳ್ಳುವುದು ಇಲ್ಲೇ: ಮಗುವಿಗೆ ಹುಟ್ಟಿನಿಂದ ಬಂದ ಜೀನ್ ದೋಷ ಅದರದೇ ಬಳ್ಳಿಯ ರಕ್ತದಲ್ಲೂ ಇರುತ್ತದೆ. ಮುಂದೆ ಸ್ವಂತಕ್ಕೆ ಬೇಕಾದೀತೆಂದು ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಹೇಳಿದೆ. ವಿಜ್ಞಾನ ಮುಂದುವರಿದರೆ ಆಟಿಸಂ, ಮಧುಮೇಹಕ್ಕೂ ಬಳಕೆಯಾಗಬಹುದಲ್ಲ ಎನ್ನುವಿರಿ. ಆಗಬಹುದು, ಆದರೆ ಅದು ಇಂದಿಗೆ ಚಿಕಿತ್ಸೆಯಲ್ಲ, ಬರೀ ಆಸೆ. ಆಸೆಗೆ ವರ್ಷವರ್ಷವೂ ಶುಲ್ಕ ಬೇರೆ!

ಹೆಗ್ಗಡದೇವನಕೋಟೆಯ ಆದಿವಾಸಿ ಹಾಡಿಗಳಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಇದೆ. ಅಲ್ಲಿನ ಲೆಕ್ಕ ಬೇರೆ. ಮೊದಲ ಮಗುವಿಗೆ ಆ ಕಾಯಿಲೆಯಿದ್ದು ತಾಯಿ ಮತ್ತೆ ಗರ್ಭಿಣಿಯಾದರೆ, ಹುಟ್ಟಲಿರುವ ಮಗುವಿನ ಬಳ್ಳಿಯ ರಕ್ತ ಉಪಯೋಗಕ್ಕೆ ಬರಬಹುದು. ಅದೂ ಖಾತ್ರಿಯಲ್ಲ: ಒಡಹುಟ್ಟಿದವರ ನಡುವೆ ಅಂಗಾಂಶ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಜೊತೆಗೆ ಹೊಸ ಮಗುವಿಗೆ ಕಾಯಿಲೆ ಇರಬಾರದು. ಅಂಥವರು ಹೆರಿಗೆಗೆ ಸಾಕಷ್ಟು ಮೊದಲೇ ರಕ್ತರೋಗ ತಜ್ಞರನ್ನು ಕಾಣಲಿ. ನಿಮ್ಮ ಹೆರಿಗೆಯಲ್ಲಿ ಮಾತ್ರ, ತೊಡಕೇನೂ ಇಲ್ಲದಿದ್ದರೆ, ಒಂದು ನಿಮಿಷವಾದರೂ ಕಾದು ಬಳ್ಳಿಗೆ ಕ್ಲಿಪ್ ಹಾಕುವಂತೆ ವೈದ್ಯರನ್ನು ಕೇಳಿ. ಆ ರಕ್ತ ಮಗುವಿನ ಮೈಗೇ ಇಳಿದು, ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶ ಒದಗಿಸುತ್ತದೆ.