ಕ್ರಿಪ್ಟೋ ಡೆಬಿಟ್ ಕಾರ್ಡ್: ಒಂದು ಸ್ವೈಪ್‌ನಲ್ಲಿ ಎಷ್ಟು ಸೋರಿಕೆ?

ನಾನು ಜೀವವಿಜ್ಞಾನಿ, ಹಣಕಾಸಿನ ಸಲಹೆಗಾರನಲ್ಲ. ಆದರೂ ಇವತ್ತು ಕ್ರಿಪ್ಟೋ ಡೆಬಿಟ್ ಕಾರ್ಡ್ ಬಗ್ಗೆ ಮಾತಾಡ್ತೀನಿ, ಯಾಕಂದ್ರೆ ಇದರ ಲೆಕ್ಕ ಜೀವವಿಜ್ಞಾನದವರಿಗೆ ಚೆನ್ನಾಗಿ ಗೊತ್ತಿರೋದೇ. ಹುಲ್ಲಿನ ಶಕ್ತಿ ಪೂರ್ತಿ ಜಿಂಕೆಗೆ ಸಿಗಲ್ಲ, ಜಿಂಕೆಯದು ಪೂರ್ತಿ ಹುಲಿಗೆ ಸಿಗಲ್ಲ. ಶಕ್ತಿ ರೂಪ ಬದಲಿಸಿದಾಗಲೆಲ್ಲ ಒಂದಿಷ್ಟು ಶಾಖವಾಗಿ ಸೋರಿಹೋಗುತ್ತೆ. ಹಣದ ವಿಷಯದಲ್ಲೂ ಹಾಗೇ.

ಮೊದಲು ಈ ಕಾರ್ಡ್ ಹೇಗೆ ಕೆಲಸ ಮಾಡುತ್ತೆ ನೋಡೋಣ. ನೀವು ಕಾರ್ಡ್ ಉಜ್ಜಿದಾಗ ಅಂಗಡಿಯವರಿಗೆ ಸಾಮಾನ್ಯವಾಗಿ ಬಿಟ್‌ಕಾಯಿನ್ ತಲುಪಲ್ಲ. ಕಂಪನಿ ನಿಮ್ಮ ಬಿಟ್‌ಕಾಯಿನನ್ನು ಮಾರಿ, ಬಂದ ಡಾಲರನ್ನು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಮೂಲಕ ಅಂಗಡಿಗೆ ಕಳಿಸುತ್ತೆ. ಅಂದ್ರೆ, ಪ್ರತಿ ಸ್ವೈಪ್ ಒಂದು ಮಾರಾಟ. ಇದೊಂದು ನೆನಪಿದ್ದರೆ ಉಳಿದದ್ದು ಸುಲಭ.

ಮೊದಲ ಸೋರಿಕೆ, ಪರಿವರ್ತನೆ ಶುಲ್ಕ. ಕಾಯಿನ್‌ಬೇಸ್ ಕಾರ್ಡ್ ಆರಂಭದ ವರ್ಷಗಳಲ್ಲಿ ಇದಕ್ಕೆ 2.49% ತೆಗೆದುಕೊಳ್ಳುತ್ತಿತ್ತು. 1% ಕ್ಯಾಶ್‌ಬ್ಯಾಕ್ ಕೊಟ್ಟು 2.49% ತೆಗೆದುಕೊಂಡರೆ ಲಾಭ ಯಾರಿಗೆ ಅಂತ ಹೇಳಬೇಕಿಲ್ಲ.

ಎರಡನೆಯದು ಕಣ್ಣಿಗೆ ಕಾಣದ್ದು. ‘ಶುಲ್ಕ ಸೊನ್ನೆ’ ಅಂತ ಬರೆದಿದ್ದರೂ, ಮಾರುಕಟ್ಟೆ ದರಕ್ಕಿಂತ ಸ್ವಲ್ಪ ಕಡಿಮೆ ದರದಲ್ಲಿ ನಿಮ್ಮ ನಾಣ್ಯ ಮಾರಾಟವಾಗಬಹುದು. ಈ ಅಂತರಕ್ಕೆ ಸ್ಪ್ರೆಡ್ ಅಂತಾರೆ. ಶುಲ್ಕದ ಪಟ್ಟಿಯಲ್ಲಿ ಹುಡುಕಿದರೆ ಸಿಗದೇ ಹೋಗಬಹುದು, ದರದೊಳಗೇ ಸೇರಿಹೋಗಿರುತ್ತೆ.

ಮೂರನೆಯದು ಗಡಿ ದಾಟಿದಾಗ. ಅಮೆರಿಕದ ಕಾರ್ಡನ್ನು ರಜೆಯಲ್ಲಿ ಬೆಂಗಳೂರಿಗೆ ತಂದು ಉಜ್ಜಿದರೆ ಬಿಟ್‌ಕಾಯಿನ್ ಡಾಲರಾಗಬೇಕು, ಡಾಲರ್ ರೂಪಾಯಿಯಾಗಬೇಕು. ಎರಡು ಪರಿವರ್ತನೆ, ಎರಡು ಕಡೆ ಸೋರಿಕೆ. ಎಟಿಎಂನಲ್ಲಿ ನಗದು ತೆಗೆದರೆ ಅದರ ಶುಲ್ಕ ಬೇರೆ ಇರಬಹುದು.

ಇನ್ನು ತೆರಿಗೆ. ಹೆಚ್ಚಿನವರು ಎಡವೋದು ಇಲ್ಲೇ. ಅಮೆರಿಕದ ತೆರಿಗೆ ಇಲಾಖೆ 2014ರಲ್ಲೇ ಕ್ರಿಪ್ಟೋವನ್ನು ಹಣವಲ್ಲ, ಆಸ್ತಿ ಅಂತ ಪರಿಗಣಿಸಿತು. 40 ಡಾಲರಿಗೆ ಕೊಂಡ ಬಿಟ್‌ಕಾಯಿನ್ ಈಗ 100 ಡಾಲರ್ ಆಗಿದೆ ಅಂದ್ಕೊಳ್ಳಿ. ಅದರಲ್ಲಿ ದಿನಸಿ ಕೊಂಡರೆ 60 ಡಾಲರ್ ಲಾಭ ತೋರಿಸಬೇಕು. ದೀರ್ಘಾವಧಿ ಲಾಭಕ್ಕೆ 15% ದರ ಕಟ್ಟುವವರಿಗೆ 9 ಡಾಲರ್ ತೆರಿಗೆ. ಒಂದು ವರ್ಷ ತುಂಬದೇ ಮಾರಿದರೆ ಸಂಬಳದ ದರವೇ ಅನ್ವಯ. ನಾಣ್ಯವನ್ನು ಬೇರೆ ರೀತಿ ಮಾರಿದರೂ ಈ ತೆರಿಗೆ ತಪ್ಪುತ್ತಿರಲಿಲ್ಲ, ನಿಜ. ಆದರೆ ಕಾರ್ಡ್‌ನಿಂದ ಪ್ರತಿ ಕಾಫಿಗೂ ಕೊಂಡ ದಿನ, ಕೊಂಡ ಬೆಲೆ, ಮಾರಿದ ಬೆಲೆ ಅಂತ ಒಂದೊಂದು ದಾಖಲೆ ಹುಟ್ಟಿಕೊಳ್ಳುತ್ತೆ. ಕೊಂಡ ವಸ್ತು ವಾಪಸ್ ಕೊಟ್ಟರೂ ಆಗಿಹೋದ ಮಾರಾಟ ರದ್ದಾಗಲ್ಲ.

ನಿಯಮ ಎಲ್ಲ ಕಡೆ ಒಂದೇ ಅಲ್ಲ. ಜರ್ಮನಿಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ನಾಣ್ಯದ ಲಾಭಕ್ಕೆ ಖಾಸಗಿ ವ್ಯಕ್ತಿಗಳಿಗೆ ತೆರಿಗೆ ಇಲ್ಲ. ಭಾರತದಲ್ಲಿ 2022ರ ಏಪ್ರಿಲ್‌ನಿಂದ ಲಾಭಕ್ಕೆ 30% ತೆರಿಗೆ, ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯೋ ಹಾಗೂ ಇಲ್ಲ.

ಕೊನೆಯದು ಭರವಸೆಯ ಪ್ರಶ್ನೆ. ಕಾರ್ಡ್ ಮೇಲಿರೋ ಹೆಸರು ಒಂದು, ಹಿಂದೆ ಕಾರ್ಡ್ ವಿತರಿಸೋ ಸಂಸ್ಥೆ ಇನ್ನೊಂದು. 2018ರ ಜನವರಿಯಲ್ಲಿ ವೀಸಾ ಜಿಬ್ರಾಲ್ಟರ್‌ನ ವೇವ್‌ಕ್ರೆಸ್ಟ್ ಸಂಸ್ಥೆಯ ಸದಸ್ಯತ್ವ ರದ್ದು ಮಾಡಿದಾಗ ಹಲವು ಕಂಪನಿಗಳ ಕ್ರಿಪ್ಟೋ ಕಾರ್ಡ್‌ಗಳು ಒಟ್ಟಿಗೇ ನಿಂತವು. 2020ರ ಜೂನ್‌ನಲ್ಲಿ ಜರ್ಮನಿಯ ವೈರ್‌ಕಾರ್ಡ್ ಕುಸಿದಾಗ ಅದರ ಬ್ರಿಟಿಷ್ ಅಂಗಸಂಸ್ಥೆಯ ಕಾರ್ಡ್‌ಗಳು ಕೆಲ ದಿನ ಸ್ಥಗಿತವಾದವು. 2023ರ ಡಿಸೆಂಬರ್‌ನಲ್ಲಿ ಯುರೋಪಿನಲ್ಲಿ ಬೈನಾನ್ಸ್ ಕಾರ್ಡ್ ನಿಂತಿತು. ತಿಂಗಳ ಬಾಡಿಗೆ ಕಟ್ಟೋ ದಿನ ಹೀಗಾದರೆ? ಕ್ರಿಪ್ಟೋ ಬಾಕಿಗೆ ಅಮೆರಿಕದಲ್ಲಿ ಬ್ಯಾಂಕ್ ಠೇವಣಿಗೆ ಇರೋ ಸರ್ಕಾರಿ ವಿಮೆಯೂ ಇಲ್ಲ.

ಹಾಗಾದ್ರೆ ಈ ಕಾರ್ಡ್ ಬೇಡ್ವೇ ಬೇಡ್ವಾ? ಹೇಗಿದ್ದರೂ ಕ್ರಿಪ್ಟೋ ಮಾರಬೇಕು ಅಂತಿರೋರಿಗೆ ಅನುಕೂಲ ಇರಬಹುದು. ತಗೊಳ್ಳೋ ಮುಂಚೆ ನಾಲ್ಕು ವಿಷಯ ನೋಡಿ: ಪರಿವರ್ತನೆ ಶುಲ್ಕ ಎಷ್ಟು, ಅದೇ ಕ್ಷಣದ ಮಾರುಕಟ್ಟೆ ದರಕ್ಕೂ ಕಾರ್ಡ್ ಕೊಡೋ ದರಕ್ಕೂ ಅಂತರ ಎಷ್ಟು, ವಿದೇಶದಲ್ಲಿ ಬಳಸಿದರೆ ಎಷ್ಟು, ವರ್ಷದ ಕೊನೆಗೆ ತೆರಿಗೆಯ ದಾಖಲೆ ಕೊಡ್ತಾರಾ. ಇವಿಷ್ಟನ್ನೂ ಕೂಡಿಸಿ, ಬರೋ ಕ್ಯಾಶ್‌ಬ್ಯಾಕ್ ಪಕ್ಕದಲ್ಲಿಟ್ಟು ನೋಡಿ. ಮತ್ತೆ, ಮಾಮೂಲಿ ಬ್ಯಾಂಕ್ ಕಾರ್ಡ್ ಒಂದು ಜೇಬಲ್ಲಿ ಇರಲಿ.

ನಿಮ್ಮ ಪ್ರಶ್ನೆಗಳನ್ನು ಬರೆದು ಕಳಿಸಿ.