ಅಗೌರವ ಮತ್ತು ಮನ್ನಣೆಯ ಹೋರಾಟ: ಹೊನೆತ್, ಮಹಾಡ್

1. ಚಿಂತಕ: ಆಕ್ಸೆಲ್ ಹೊನೆತ್ (ಜನನ 1949), ಜರ್ಮನಿ, ಫ್ರಾಂಕ್‌ಫರ್ಟ್ ಪಂಥದ 3ನೇ ತಲೆಮಾರು. ಕೃತಿ: ‘ಮನ್ನಣೆಗಾಗಿ ಹೋರಾಟ’ (1992). ಆಧಾರ: ತರುಣ ಹೆಗೆಲ್, ಜಾರ್ಜ್ ಹರ್ಬರ್ಟ್ ಮೀಡ್.

2. ತಿರುಳು: ಹೋರಾಟದ ಮೂಲ ಬರೀ ಲಾಭ-ನಷ್ಟವಲ್ಲ, ನೈತಿಕ ನೋವು. ಒಬ್ಬರ ಅವಮಾನ ಇಡೀ ಸಮುದಾಯದ್ದೆಂದು ಅರಿವಾದಾಗ ಚಳವಳಿ ಹುಟ್ಟುತ್ತದೆ.

3. ಮನ್ನಣೆ – ಫಲ – ಅಗೌರವ (ಹೊಂದಿಸಿ ಬರೆಯಿರಿಗೆ ಮುಖ್ಯ):
• ಪ್ರೀತಿ – ಆತ್ಮವಿಶ್ವಾಸ – ದೈಹಿಕ ಹಿಂಸೆ
• ಹಕ್ಕು – ಆತ್ಮಗೌರವ – ಹಕ್ಕು ನಿರಾಕರಣೆ, ಬಹಿಷ್ಕಾರ
• ಸಾಮಾಜಿಕ ಮೆಚ್ಚುಗೆ – ಸ್ವಮೌಲ್ಯ – ಜೀವನಕ್ರಮದ ಹೀಯಾಳಿಕೆ

4. ಭಾರತದ ಉದಾಹರಣೆ: ಮಹಾಡ್ ಕೆರೆ ಸತ್ಯಾಗ್ರಹ. ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.
• 1923: ಸಾರ್ವಜನಿಕ ಕೆರೆ-ಬಾವಿ ಎಲ್ಲರಿಗೂ ಮುಕ್ತ ಎಂದು ಬಾಂಬೆ ಶಾಸನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆ ಅವರ ನಿರ್ಣಯ.
• 1924: ಮಹಾಡ್ ಪುರಸಭೆ ಒಪ್ಪಿತು, ಜಾರಿಯಾಗಲಿಲ್ಲ.
• 20 ಮಾರ್ಚ್ 1927: ಡಾ. ಅಂಬೇಡ್ಕರ್ ನೇತೃತ್ವದಲ್ಲಿ ದಲಿತರು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದರು. ಬಾಯಾರಿಕೆ ನೆಪಮಾತ್ರ, ಮನುಷ್ಯರೆಂದು ಸಾಬೀತುಪಡಿಸುವುದೇ ಗುರಿ. ಬಳಿಕ ಅವರ ಮೇಲೆ ಹಲ್ಲೆ, ಕೆರೆಯ ‘ಶುದ್ಧೀಕರಣ’ ನಡೆದವು. ಆ ಶುದ್ಧೀಕರಣವೇ ಅಗೌರವದ ನಗ್ನ ರೂಪ.
• 25 ಡಿಸೆಂಬರ್ 1927: ಮನುಸ್ಮೃತಿ ದಹನ.
• 1937: ಕೆರೆಯ ಬಳಕೆ ಕುರಿತು ಬಾಂಬೆ ಹೈಕೋರ್ಟ್ ತೀರ್ಪು ದಲಿತರ ಪರ.

5. ಗೊಂದಲ ಬೇಡ:
• ಮಹಾಡ್ = ಕೆರೆ, 1927; ನಾಸಿಕ್ ಕಾಳಾರಾಮ = ದೇವಾಲಯ ಪ್ರವೇಶ, 1930.
• ಸಂವಿಧಾನದ ವಿಧಿ 17 = ಅಸ್ಪೃಶ್ಯತೆ ನಿಷೇಧ; ಕೆರೆ, ಬಾವಿ, ಸ್ನಾನಘಟ್ಟದ ಬಳಕೆ = ವಿಧಿ 15(2). ಹಲವರು ಎಡವುವುದು ಇಲ್ಲೇ.
• ಚಾರ್ಲ್ಸ್ ಟೇಲರ್ ಅವರ ‘ಮನ್ನಣೆಯ ರಾಜಕಾರಣ’ ಕೂಡ 1992.
• ನ್ಯಾನ್ಸಿ ಫ್ರೇಸರ್: ಮನ್ನಣೆಯ ಜೊತೆಗೆ ಸಂಪತ್ತಿನ ಮರುಹಂಚಿಕೆಯೂ ಬೇಕು. ಹೊನೆತ್: ಹಂಚಿಕೆಯ ಅನ್ಯಾಯವೂ ಮನ್ನಣೆಯ ನಿರಾಕರಣೆಯೇ. ಇವರಿಬ್ಬರ ಜಂಟಿ ಕೃತಿ 2003.